ಖಾಲಿ ಗಾಡಿ ಬೇರೆ, ತುಂಬಿದ ಗಾಡಿ ಬೇರೆ

ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ ಕಲಿತು, ಟೆಸ್ಟ್ ಪಾಸಾಗಿ, ಲೈಸೆನ್ಸ್ ಕೈಗೆ ಬಂದ ವಾರದಲ್ಲೇ ಟಾಟಾ ಏಸ್ ಎಂಬ ಮಿನಿ ಸರಕು ಗಾಡಿ ಹತ್ತಿ ಡೆಲಿವರಿಗೆ ಹೊರಡುವವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಕಾನೂನು ಅಡ್ಡ ಬರುವುದಿಲ್ಲ. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಗೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸೇ ಸಾಕು, ಅದರ ಮೇಲೆ ಬೇರೆ ಟ್ರಾನ್ಸ್‌ಪೋರ್ಟ್ ನಮೂದು ಬೇಡ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ವಯಸ್ಸಿನ ವಿಷಯ ಮಾತ್ರ ಬೇರೆ. ಸ್ವಂತ ಕಾರಿಗೆ 18 ಸಾಕು, ಸರಕು ಗಾಡಿಗೆ 20 ತುಂಬಿರಬೇಕು.

ಕಾನೂನು ಒಪ್ಪಿತು ಅಂದ ಮಾತ್ರಕ್ಕೆ ಕೆಲಸ ಬಂತು ಅಂತಲ್ಲ. 2021ರಲ್ಲಿ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನದ ಕೋರ್ಸಿಗೆ 29 ಗಂಟೆ ಇಟ್ಟಿದ್ದಾರೆ, 4 ವಾರದೊಳಗೆ ಮುಗಿಯಬೇಕು. ಒಳ್ಳೆಯದೇ. ಆದರೆ ಆ ತರಬೇತಿಯೂ ನಡೆಯುವುದು ಖಾಲಿ ವಾಹನದಲ್ಲಿ. ನಿಮ್ಮ ಸಂಬಳ ಬರುವುದು ತುಂಬಿದ ಗಾಡಿಯಿಂದ. ಬ್ರೇಕು, ಸ್ಟೀರಿಂಗು, ಕ್ಲಚ್ಚು, ಹಂಪ್ ದಾಟುವುದು, ಕೊನೆಗೆ ಗಾಡಿಯ ಎತ್ತರ ಕೂಡ ಲೋಡ್ ಬಿದ್ದ ಮೇಲೆ ಬದಲಾಗುತ್ತದೆ. ಆದ್ದರಿಂದ ಕಲಿಕೆಯನ್ನು ಮೂರು ವಾರಕ್ಕೆ ಹಂಚಿಕೊಳ್ಳಿ: ಮೊದಲ ವಾರ ಖಾಲಿ, ಎರಡನೇ ವಾರ ಮರಳು ಚೀಲ, ಮೂರನೇ ವಾರ ಪಕ್ಕದಲ್ಲಿ ಹಳಬರೊಬ್ಬರನ್ನು ಕೂರಿಸಿಕೊಂಡು ನಿಜವಾದ ಟ್ರಿಪ್.

ಮೊದಲ ವಾರಕ್ಕೆ ಬೇಕಾಗುವುದು ಒಂದು ಬಯಲು ಮತ್ತು ಎಂಟು ಖಾಲಿ ನೀರಿನ ಬಾಟಲಿ. ಇನ್ನೂ ಮನೆ ಏಳದ ಬಡಾವಣೆಯ ಅಗಲ ರಸ್ತೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಏಸ್‌ನ ಅಗಲ ಒಂದೂವರೆ ಮೀಟರ್, ಉದ್ದ 3.8 ಮೀಟರ್. ಬಾಟಲಿಗಳನ್ನು ಎರಡು ಸಾಲಾಗಿ, ನಡುವೆ 2.1 ಮೀಟರ್ ಬಿಟ್ಟು ನಿಲ್ಲಿಸಿ ಮುಂದಕ್ಕೆ ದಾಟಿ, ಹಿಂದಕ್ಕೆ ದಾಟಿ. ಎರಡು ದಿನದಲ್ಲಿ ಬಾಟಲಿ ಬೀಳುವುದು ನಿಲ್ಲುತ್ತದೆ. ಆಮೇಲೆ 1.9ಕ್ಕೆ ಇಳಿಸಿ. ಚಿಕ್ಕಪೇಟೆಯ ಓಣಿಗಳಲ್ಲಿ ನಿಮಗೆ ಸಿಗುವ ಜಾಗ ಸುಮಾರಾಗಿ ಇಷ್ಟೇ. ಅಲ್ಲಿ ಬಾಟಲಿಯ ಬದಲು ಸೀರೆ ಅಂಗಡಿಯ ಗಾಜಿನ ಶೋಕೇಸ್ ಇರುತ್ತದೆ.

ಕಾರಿನಿಂದ ಬಂದವರು ತಿರುವಿನಲ್ಲಿ ಒಂದೇ ತಪ್ಪು ಮಾಡುತ್ತಾರೆ. ಕಾರಿನಲ್ಲಿ ಮುಂದಿನ ಚಕ್ರ ನಿಮಗಿಂತ ಮುಂದಿರುತ್ತದೆ. ಈ ಮಿನಿ ಗಾಡಿಗಳಲ್ಲಿ ನೀವು ಕೂರುವುದು ಹೆಚ್ಚುಕಡಿಮೆ ಮುಂದಿನ ಚಕ್ರದ ಮೇಲೆಯೇ. ಕಾರಿನ ಅಭ್ಯಾಸದಲ್ಲಿ ಬೇಗ ಸ್ಟೀರಿಂಗ್ ತಿರುಗಿಸಿದರೆ ಹಿಂದಿನ ಚಕ್ರ ಒಳಗೆ ಕತ್ತರಿಸಿಕೊಂಡು ಫುಟ್‌ಪಾತ್ ಹತ್ತುತ್ತದೆ, ಇಲ್ಲವೇ ಮೂಲೆಯ ಚರಂಡಿ ಕಲ್ಲಿನ ಮೇಲೆ ಕೂರುತ್ತದೆ. ನಿಮ್ಮ ಭುಜ ತಿರುವಿನ ಮೂಲೆಯನ್ನು ದಾಟಿದ ಮೇಲೆ ಸ್ಟೀರಿಂಗ್ ತಿರುಗಿಸಿ. ಮುಂದೆ ಬಾನೆಟ್ ಇಲ್ಲ ಎನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆ. ನಿಮ್ಮ ಮೊಣಕಾಲಿಗೂ ಮುಂದಿನ ಲಾರಿಯ ಹಿಂಭಾಗಕ್ಕೂ ನಡುವೆ ಇರುವುದು ಒಂದು ತಗಡು. ಸೀಟ್ ಬೆಲ್ಟಿಗೆ ಒಂದು ಸಾವಿರ ದಂಡ ಅಂತ ಹಾಕಿಕೊಳ್ಳಬೇಡಿ, ಆ ತಗಡನ್ನು ನೆನೆದು ಹಾಕಿಕೊಳ್ಳಿ.

ಕನ್ನಡಿ ಹೊಂದಿಸುವುದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಹಿಂದೆ ಮುಚ್ಚಿದ ಕಂಟೇನರ್ ಬಾಡಿ ಇದ್ದರೆ ಒಳಗಿನ ಕನ್ನಡಿ ದೇವರ ಹೂವು ಕಟ್ಟುವುದಕ್ಕೆ ಮಾತ್ರ ಉಪಯೋಗ. ಹೊರಗಿನ ಎರಡೇ ಗತಿ. ಗಾಡಿಯ ಪಕ್ಕದ ಅಂಚು ಕನ್ನಡಿಯಲ್ಲಿ ಒಂದು ಬೆರಳಿನಷ್ಟು ಕಾಣಲಿ, ಹೆಚ್ಚು ಬೇಡ. ರಸ್ತೆಯೂ ಆಕಾಶವೂ ಸೇರುವ ಗೆರೆ ಕನ್ನಡಿಯ ಅರ್ಧಕ್ಕೆ ಬರಲಿ. ಎಡಗಡೆ ಒಂದು ಸಣ್ಣ ರೌಂಡ್ ಕನ್ನಡಿ ಅಂಟಿಸಿ. ಹಿಂಚಕ್ರದ ಹತ್ತಿರ ನುಸುಳುವ ಬೈಕುಗಳು ಅದರಲ್ಲೇ ಕಾಣುವುದು. ಆದರೆ ಉಬ್ಬಿದ ಕನ್ನಡಿಯಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ. ಅದನ್ನು ನಂಬಿ ಲೇನ್ ಬದಲಿಸಬೇಡಿ. ಯಾರೋ ಇದ್ದಾರೆ ಅಂತ ತಿಳಿಯುವುದಕ್ಕಷ್ಟೇ ಅದು.

ಎರಡನೇ ವಾರ ಮರಳು ಚೀಲ. ಖಾಲಿ ಸಿಮೆಂಟ್ ಚೀಲಕ್ಕೆ ಅರ್ಧ ಮರಳು ತುಂಬಿದರೆ ಸುಮಾರು 28ರಿಂದ 30 ಕೆಜಿ ತೂಗುತ್ತದೆ. ಹತ್ತು ಚೀಲ ಹಾಕಿದರೆ 300 ಕೆಜಿ. ಹಾಕುವ ಮುನ್ನ ಒಂದು ಲೆಕ್ಕ ಕಲಿಯಿರಿ. ಈ ವೃತ್ತಿಯಲ್ಲಿ ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿಲ್ಲ.

ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಎರಡು ತೂಕ ಇರುತ್ತವೆ, ಖಾಲಿ ತೂಕ ಮತ್ತು ಒಟ್ಟು ತೂಕ. ಖಾಲಿ ತೂಕದಲ್ಲಿ ಡ್ರೈವರ್, ಹೆಲ್ಪರ್ ಸೇರುವುದಿಲ್ಲ. ಒಟ್ಟು 1,600, ಖಾಲಿ 870 ಅಂತ ಇಟ್ಟುಕೊಳ್ಳಿ. ಉಳಿಯುವುದು 730. ನೀವಿಬ್ಬರೂ ಸೇರಿ 130 ಕೆಜಿ ಇದ್ದರೆ ಸರಕಿಗೆ ಸಿಗುವುದು 600. ಆರ್‌ಸಿ ಆದ ಮೇಲೆ ಗಾಡಿಗೆ ಕಬ್ಬಿಣದ ಕ್ಯಾರಿಯರ್, ಬಂಪರ್ ಗಾರ್ಡ್ ಕೂರಿಸಿದ್ದರೆ ಅದನ್ನೂ ಕಳೆಯಿರಿ. ಈಗ 600 ಅಂದರೆ ಎಷ್ಟು ಅಂತ ಕಣ್ಣಿಗೆ ತಂದುಕೊಳ್ಳಿ: 50 ಕೆಜಿ ಸಿಮೆಂಟ್ ಆದರೆ 12 ಮೂಟೆ. 20 ಲೀಟರ್ ನೀರಿನ ಕ್ಯಾನ್, ಕ್ಯಾನಿನ ತೂಕ ಸೇರಿ ಸುಮಾರು 21 ಕೆಜಿ, ಆದ್ದರಿಂದ 28 ಕ್ಯಾನ್. ಅಡುಗೆ ಅನಿಲದ ತುಂಬಿದ ಸಿಲಿಂಡರ್ 30 ಕೆಜಿ ಹತ್ತಿರ, ಅಂದರೆ 20. ಏಳು ಅಡಿ ಉದ್ದ, ಐದು ಅಡಿ ಅಗಲದ ಡೆಕ್ಕಿನ ಮೇಲೆ 12 ಮೂಟೆ ಸಿಮೆಂಟ್ ಏನೇನೂ ಕಾಣುವುದಿಲ್ಲ. ಅಂಗಡಿಯವರು "ಇಷ್ಟು ಜಾಗ ಇದೆಯಲ್ಲಪ್ಪಾ, ಇನ್ನೊಂದೈದು ಹಾಕು" ಅನ್ನುವುದು ಇದಕ್ಕೇ. ಟೈಲ್ಸ್ ಇನ್ನೂ ಮೋಸ: ಬಾಕ್ಸು ನೋಡಲು ತೆಳ್ಳಗೆ, ಒಂದೊಂದು 25–30 ಕೆಜಿ. ಗಾಡಿಯ ಒಂದು ಮೂಲೆ ತುಂಬುವಷ್ಟರಲ್ಲಿ ನಿಮ್ಮ ಮಿತಿ ಮುಗಿದಿರುತ್ತದೆ. ಜಾಗ ನೋಡಿ ಲೋಡ್ ಮಾಡುವವರು ಥರ್ಮಾಕೋಲ್‌ಗೆ ಸರಿ, ಟೈಲ್ಸ್‌ಗೆ ಅಲ್ಲ.

ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಹೆಚ್ಚಿನ ಸರಕು ಇಳಿಸುವ ತನಕ ಗಾಡಿ ಬಿಡುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಪೈಪು, ಕಬ್ಬಿಣ ಚಾಚಿಕೊಂಡಿದ್ದರೂ 20,000. ಒಂದು ಟ್ರಿಪ್ಪಿನ ಬಾಡಿಗೆಯ ಪಕ್ಕದಲ್ಲಿ ಈ ಅಂಕಿ ಇಟ್ಟು ತೋರಿಸಿದರೆ ಮಾಲೀಕರಿಗೂ ಬೇಗ ಅರ್ಥವಾಗುತ್ತದೆ.

ತೂಕ ಮಿತಿಯೊಳಗೇ ಇದ್ದರೂ ಎಲ್ಲಿಟ್ಟಿರಿ ಎನ್ನುವುದು ಅಷ್ಟೇ ಮುಖ್ಯ. ಹಿಂದಿನ ಆಕ್ಸಲ್ಲನ್ನು ತಕ್ಕಡಿಯ ನಡುಗೋಲು ಅಂದುಕೊಳ್ಳಿ. ಭಾರ ಅದರ ಹಿಂದಕ್ಕೆ ಬಿದ್ದರೆ ಮೂತಿ ಮೇಲೇಳುತ್ತದೆ. ಸ್ಟೀರಿಂಗ್ ಹಗುರಾಗಿ ತೇಲಿದ ಹಾಗೆ ಅನಿಸುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಿಲ್ಲಿಸುವಾಗ ಹೆಚ್ಚು ಕೆಲಸ ಮಾಡಬೇಕಾದ ಮುಂದಿನ ಬ್ರೇಕಿಗೆ ನೆಲದ ಹಿಡಿತವೇ ಸಾಲದು. ಹಾಗಾಗಿ ಭಾರದ್ದು ಕ್ಯಾಬಿನ್ ಗೋಡೆಗೆ ಒತ್ತಿಕೊಂಡು, ಕೆಳಗೆ, ಎಡಬಲ ಸಮನಾಗಿ. ಹಗುರದ್ದು ಮೇಲೆ ಮತ್ತು ಹಿಂದೆ. ಆದರೆ ಮೊದಲು ಇಳಿಸಬೇಕಾದದ್ದು ಬಾಗಿಲ ಹತ್ತಿರ ಇರಬೇಕಲ್ಲ? ಮೊದಲ ಸ್ಟಾಪಿನದ್ದೇ ಭಾರವಾಗಿದ್ದರೆ ರೂಟನ್ನೇ ಬದಲಿಸಿ ಅಥವಾ ಅದನ್ನು ಗಾಡಿಯ ನಡುವೆ, ಒಂದು ಪಕ್ಕ ಓಡಾಡಲು ದಾರಿ ಬಿಟ್ಟು ಇಡಿ. ಅಲ್ಲಿ ಅದನ್ನು ಇಳಿಸಿದ ಮೇಲೆ ಉಳಿದದ್ದು ಒಂದೇ ಪಕ್ಕಕ್ಕೆ ವಾಲಿ ಉಳಿಯುತ್ತದೆ. ಸರಿಸಿ ಹೊಂದಿಸಿಯೇ ಹೊರಡಿ. ಎರಡು ನಿಮಿಷದ ಕೆಲಸ, ಹೆಚ್ಚಿನವರು ಬಿಡುವುದು ಇದನ್ನೇ.

ಕ್ಯಾಬಿನ್ ಗೋಡೆಗೂ ಸರಕಿಗೂ ನಡುವೆ ಒಂದಡಿ ಸಂದು ಬಿಟ್ಟರೆ ಜೋರು ಬ್ರೇಕಿನಲ್ಲಿ ಸರಕು ಆ ಒಂದಡಿ ಓಡಿ ಬಂದು ಗುದ್ದುತ್ತದೆ. ಸಂದಿಗೆ ಗೋಣಿ, ಹಳೇ ಟೈರು ತುರುಕಿ. ಅರ್ಧ ತುಂಬಿದ ಡ್ರಮ್ಮು ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು, ಒಳಗಿನ ದ್ರವ ಹೊಯ್ದಾಡಿ ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ.

ತೆರೆದ ಡೆಕ್ಕಾದರೆ ಹಗ್ಗ. ಲಾರಿಯವರ ಗಂಟನ್ನು ನೋಡಿಯೇ ಕಲಿಯಬೇಕು, ಆದರೂ ಕ್ರಮ ಹೀಗೆ. ಹಗ್ಗದ ಒಂದು ತುದಿಯನ್ನು ಎಡಗಡೆಯ ಕೊಂಡಿಗೆ ಭದ್ರವಾಗಿ ಕಟ್ಟಿ, ಉಳಿದದ್ದನ್ನು ಸರಕಿನ ಮೇಲಿಂದ ಬಲಕ್ಕೆ ಎಸೆಯಿರಿ. ಬಲಗಡೆಗೆ ಬಂದು, ಎದೆ ಮಟ್ಟದಲ್ಲಿ ಹಗ್ಗವನ್ನು ತಿರುಚಿ ಒಂದು ಕುಣಿಕೆ ಮಾಡಿ, ಕೆಳಗಿನ ಹಗ್ಗವನ್ನು ಮಡಿಸಿ ಅದರೊಳಗೆ ತೂರಿಸಿ. ಈಗ ಕೆಳಗೆ ಒಂದು ಉದ್ದ ಕಿವಿ ನೇತಾಡುತ್ತದೆ. ಹಗ್ಗದ ತುದಿಯನ್ನು ಕೊಂಡಿಯ ಕೆಳಗಿಂದ ಸುತ್ತಿಸಿ ತಂದು ಆ ಕಿವಿಯೊಳಗೆ ಹಾಕಿ ಕೆಳಕ್ಕೆ ಜಗ್ಗಿ. ಬಾವಿಯ ರಾಟೆಯಂತೆ ಕೆಲಸ ಮಾಡುತ್ತದೆ, ನೇರವಾಗಿ ಎಳೆಯುವುದಕ್ಕಿಂತ ಎಷ್ಟೋ ಪಾಲು ಬಿಗಿ ಬರುತ್ತದೆ. ಬಿಗಿ ಬಿಡದೆ ಹಿಡಿದು ಎರಡು ಸುತ್ತು ಗಂಟು ಹಾಕಿ. ಹಗ್ಗ ಪೆಟ್ಟಿಗೆಯ ಮೂಲೆ ಹಾಯುವಲ್ಲಿ ಹಳೇ ಟ್ಯೂಬಿನ ತುಂಡು ಇಡಿ, ಇಲ್ಲದಿದ್ದರೆ ಹಗ್ಗವೂ ಹರಿಯುತ್ತದೆ, ಪೆಟ್ಟಿಗೆಯೂ ಒಳಬೀಳುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ. ಹೊರಟ ಐದು ಕಿಲೋಮೀಟರಿಗೆ ನಿಲ್ಲಿಸಿ ಇನ್ನೊಮ್ಮೆ ಜಗ್ಗಲೇಬೇಕು. ಎಲ್ಲರೂ ಕಟ್ಟುತ್ತಾರೆ, ಆ ಎರಡನೇ ಸಲ ಜಗ್ಗುವವರು ಕಡಿಮೆ.

ಮರಳು ಚೀಲ ಹಾಕಿಕೊಂಡು ಬ್ರೇಕ್ ಅಭ್ಯಾಸ ಮಾಡಿ. ಬಯಲಲ್ಲಿ ಸುಣ್ಣದ ಗೆರೆ ಎಳೆದು, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಒತ್ತಿ, ನಿಂತ ಜಾಗಕ್ಕೆ ಹೆಜ್ಜೆ ಎಣಿಸಿ. ಮೊದಲು ಖಾಲಿ, ಆಮೇಲೆ 300 ಕೆಜಿ, ಆಮೇಲೆ 600. ಕಾಲಿನ ಒತ್ತು ಅಷ್ಟೇ ಇದ್ದರೆ ಭಾರ ಹೆಚ್ಚಿದಂತೆ ಗಾಡಿ ಮುಂದೆ ಹೋಗಿ ನಿಲ್ಲುತ್ತದೆ. ಅದೇ ಜಾಗದಲ್ಲಿ ನಿಲ್ಲಿಸಲು ಇನ್ನೂ ಬಲವಾಗಿ ಒತ್ತಬೇಕು, ಡ್ರಮ್ಮು ಇನ್ನೂ ಬಿಸಿಯಾಗುತ್ತದೆ. ಇದನ್ನು ಕಾಲು ಕಲಿಯಬೇಕು, ತಲೆಯಲ್ಲ. ಖಾಲಿ ಗಾಡಿಗೆ ಅದರದ್ದೇ ಅಪಾಯವಿದೆ. ಲೀಫ್ ಸ್ಪ್ರಿಂಗು ಭಾರಕ್ಕೆಂದು ಮಾಡಿದ್ದು, ಖಾಲಿ ಇದ್ದಾಗ ಹಿಂಭಾಗ ಕುಪ್ಪಳಿಸುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿಯದಂತೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ಮಳೆಯಲ್ಲಿ ಜೋರಾಗಿ ಒತ್ತಿದರೆ ಹಿಂಚಕ್ರ ಬಿಗಿದುಕೊಂಡು ಬಾಲ ಪಕ್ಕಕ್ಕೆ ಹೊರಳುತ್ತದೆ. ಸರಕು ಇಳಿಸಿ ಮನೆ ಕಡೆ ತಿರುಗಿದಾಗಲೇ ಎಲ್ಲರೂ ಸ್ಪೀಡ್ ಹಾಕುವುದು ಅನ್ನುವುದು ಬೇರೆ ಮಾತು.

ದೂರದ ಲೆಕ್ಕ ಇಷ್ಟು. 40ರ ವೇಗದಲ್ಲಿ ನೀವು ಸೆಕೆಂಡಿಗೆ 11 ಮೀಟರ್ ಹೋಗುತ್ತೀರಿ. ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್, 17 ಮೀಟರ್. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 10. ಒಟ್ಟು 27 ಮೀಟರ್, ಹೆಚ್ಚುಕಡಿಮೆ ಎರಡು ಬಿಎಂಟಿಸಿ ಬಸ್ಸಿಗಿಂತ ಉದ್ದ. 60ರಲ್ಲಿ ಇದು 48 ಮೀಟರ್. ಒದ್ದೆ ರಸ್ತೆಯಲ್ಲಿ 60ಕ್ಕೆ ಬರೀ ಬ್ರೇಕಿನ ದೂರವೇ 35ರ ಹತ್ತಿರ. ಸರಕು ಗಾಡಿಗೆ ಊರೊಳಗೆ ಕೇಂದ್ರ ನಿಗದಿ ಮಾಡಿದ ಗರಿಷ್ಠ ವೇಗ 60 ನಿಜ. ತುಂಬಿದ ಏಸ್‌ನಲ್ಲಿ ಹೊಸಬರಿಗೆ 40 ಸಾಕು. ಮುಂದಿನ ಗಾಡಿ ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಅಂತ ಎಣಿಸಿ. ಮುಗಿಯುವ ಮೊದಲೇ ನೀವು ಆ ಕಂಬಕ್ಕೆ ಬಂದರೆ ಹತ್ತಿರ ಇದ್ದೀರಿ. "ಅಷ್ಟು ಸಂದು ಬಿಟ್ಟರೆ ಆಟೋ ನುಗ್ಗುತ್ತೆ" ಅನ್ನುತ್ತಾರೆ. ನುಗ್ಗಲಿ. ಒಬ್ಬರು ನುಗ್ಗಿದರೆ ನಿಮಗೆ ನಷ್ಟ ಎರಡು ಸೆಕೆಂಡ್, ಇಪ್ಪತ್ತು ಜನ ನುಗ್ಗಿದರೂ 40 ಸೆಕೆಂಡ್.

ಕಾಲು ನಯವಾಗಿದೆಯೋ ಇಲ್ಲವೋ ನೋಡಲು ಸ್ಟೀಲ್ ಲೋಟಕ್ಕೆ ಮುಕ್ಕಾಲು ನೀರು ತುಂಬಿ ಡೆಕ್ಕಿನ ಮೇಲೆ ಇಡಿ. ಎರಡು ಕಿಲೋಮೀಟರ್ ಸುತ್ತಿ ಬಂದಾಗ ಲೋಟ ನಿಂತಿದ್ದು ಅರ್ಧಕ್ಕಿಂತ ಹೆಚ್ಚು ನೀರು ಉಳಿದಿದ್ದರೆ ಮೊಟ್ಟೆ ಟ್ರೇ ಹಾಕಬಹುದು. ಹಂಪ್ ದಾಟುವಾಗ ಬ್ರೇಕ್ ಪೂರ್ತಿ ಮೊದಲೇ ಹಿಡಿದು, ಎರಡನೇ ಗೇರಿನಲ್ಲಿ, ಹಂಪ್ ಮೇಲೆ ಬ್ರೇಕ್ ಬಿಟ್ಟು ದಾಟಬೇಕು. ಬ್ರೇಕ್ ಒತ್ತಿಕೊಂಡೇ ಹತ್ತಿದರೆ ಮೂತಿ ತಗ್ಗಿ ಸ್ಪ್ರಿಂಗು ಮೊದಲೇ ಅದುಮಿರುತ್ತದೆ, ಏಟೆಲ್ಲ ಸರಕಿಗೆ. ಓರೆಯಾಗಿ ದಾಟುವುದು ಕಾರಿನವರ ಚಾಳಿ. ಲೋಡ್ ಇದ್ದಾಗ ಎಡಬಲ ತೊನೆದು ಹಗ್ಗ ಸಡಿಲಾಗುತ್ತದೆ. ಬಣ್ಣ ಬಳಿಯದ ಹಂಪ್ ನಮ್ಮ ಊರಿನಲ್ಲಿ ಮಾಮೂಲು. ಮುಂದಿನ ಗಾಡಿಯ ಹಿಂಭಾಗ ಎಗರುವುದನ್ನು ನೋಡುತ್ತಾ ಹೋಗಿ.

ಫ್ಲೈಓವರ್ ಏರಿನಲ್ಲಿ ಜಾಮ್ ಆದರೆ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ. ಕ್ಲಚ್ ಅರ್ಧ ಬಿಟ್ಟು ಗಾಡಿಯನ್ನು ತೂಗಾಡಿಸಿಕೊಂಡು ನಿಲ್ಲುವುದರಿಂದಲೇ ಕ್ಲಚ್ ಪ್ಲೇಟ್ ಸುಡುವುದು. ಸುಟ್ಟ ವಾಸನೆ ಬಂದಾಗ ಅರ್ಧ ಆಯಸ್ಸು ಹೋಗಿದೆ ಅಂತಲೇ ಲೆಕ್ಕ. ಹೊರಡುವಾಗ ಮೊದಲ ಗೇರು, ಕ್ಲಚ್ ನಿಧಾನ ಬಿಡಿ, ಇಂಜಿನ್ನಿನ ಸದ್ದು ತಗ್ಗಿ ಮೂತಿ ಸ್ವಲ್ಪ ಏಳುತ್ತದೆ, ಆಗ ಚೂರು ಆಕ್ಸಿಲರೇಟರ್, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ತುಂಬಿದ ಗಾಡಿ ಒಂದು ಅಡಿ ಹಿಂದಕ್ಕೆ ಜಾರಿದರೂ ಹಿಂದಿನ ಸ್ಕೂಟರಿನವರಿಗೆ ಅದು ಬಹಳ ದೂರ. ಶಿರಾಡಿ, ಚಾರ್ಮಾಡಿ ಇಳಿಯುವವರಿಗೆ ಒಂದೇ ಮಾತು: ಹತ್ತಲು ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ, ನ್ಯೂಟ್ರಲ್ ಬೇಡವೇ ಬೇಡ. ಬ್ರೇಕ್ ಆಯಿಲ್ ಕಾಲ ಕಳೆದಂತೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬಿಸಿಯಾದಾಗ ಆ ತೇವ ಕುದ್ದು ಗುಳ್ಳೆಯಾಗುತ್ತದೆ, ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಅದನ್ನು ಬದಲಿಸಲೇಬೇಕು.

ರಿವರ್ಸ್ ಬಗ್ಗೆ ನಿಧಾನವಾಗಿ ಹೇಳಬೇಕು. ಬಾಗಿಲು ಮುರಿಯುವುದು, ಗೇಟ್ ಬಗ್ಗುವುದು, ಮನೆಯವರ ಹತ್ತಿರ ಬೈಸಿಕೊಳ್ಳುವುದು, ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳಿಗೆ ಅಪಾಯ ಆಗುವುದು ಇಲ್ಲೇ.

ಮೊದಲ ನಿಯಮ, ಇಳಿದು ನೋಡುವುದು. ಅಡ್ಡರಸ್ತೆಗೆ ರಿವರ್ಸ್ ಹೋಗಬೇಕೆಂದರೆ ನಿಲ್ಲಿಸಿ, ಇಳಿದು, ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಗಾಡಿಯ ಅಡಿಯಲ್ಲಿ ಮಲಗಿದ ನಾಯಿ ಇದೆಯಾ, ಚರಂಡಿ ಕಲ್ಲು ಬಿರುಕು ಬಿಟ್ಟಿದೆಯಾ ನೋಡಿ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆ ಮುಂದಿನ ಚಪ್ಪಡಿ ಸ್ಕೂಟರಿನ ಭಾರ ತಡೆಯುತ್ತದೆ, ತುಂಬಿದ ಏಸ್‌ನ ಹಿಂಚಕ್ರದ ಭಾರ ತಡೆಯುವ ಭರವಸೆ ಇಲ್ಲ. ಆಮೇಲೆ ತಲೆ ಎತ್ತಿ ನೋಡಿ: ಜೋತುಬಿದ್ದ ಇಂಟರ್ನೆಟ್ ಕೇಬಲ್, ಮೊದಲ ಮಹಡಿಯ ಸಜ್ಜಾ, ಹೊಂಗೆ ಕೊಂಬೆ. ಕಂಟೇನರ್ ಬಾಡಿಯ ಮೇಲಿನ ಹಿಂಮೂಲೆ ಮೊದಲು ತಗಲುವುದು ಇವಕ್ಕೆ.

ಸಾಧ್ಯವಾದಾಗಲೆಲ್ಲ ಬಲಗಡೆಗೆ ರಿವರ್ಸ್ ಹೊಡೆಯುವ ಹಾಗೆ ಗಾಡಿ ನಿಲ್ಲಿಸಿಕೊಳ್ಳಿ. ಬಲಗಡೆ ಆದರೆ ಕಿಟಕಿಯಿಂದ ತಲೆ ಹಾಕಿ ಹಿಂಚಕ್ರವನ್ನು ಕಣ್ಣಾರೆ ನೋಡಬಹುದು. ಎಡಗಡೆ ಪೂರ್ತಿ ಕನ್ನಡಿಯ ಮೇಲೆ ಭಾರ. ಬಾಲ ಯಾವ ಕಡೆ ಹೋಗಬೇಕೋ ಸ್ಟೀರಿಂಗೂ ಆ ಕಡೆಗೆ. ಬಾಲ ಬಲಕ್ಕೆ ಹೋಗುವಾಗ ಮೂತಿಯ ಎಡಮೂಲೆ ಹೊರಕ್ಕೆ ಬೀಸುತ್ತದೆ, ಎಲ್ಲರೂ ಹಿಂದೆಯೇ ನೋಡುತ್ತಿರುವಾಗ ಮುಂದೆ ನಿಲ್ಲಿಸಿದ ಬೈಕು ಉರುಳುವುದು ಹೀಗೆ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚಿನಲ್ಲೇ, ನಡಿಗೆಗಿಂತ ನಿಧಾನ.

ಹೆಲ್ಪರ್ ಇದ್ದರೆ ಗಾಡಿಯ ಹಿಂದೆ ನಡುವಿನಲ್ಲಿ ನಿಲ್ಲಬಾರದು. ಹಿಂದಿನ ಬಲಮೂಲೆಯಿಂದ ಎರಡು ಮೂರು ಹೆಜ್ಜೆ ಆಚೆ, ನಿಮ್ಮ ಬಲಗನ್ನಡಿಯಲ್ಲಿ ಅವರ ಮುಖ ಕಾಣುವ ಕಡೆ ನಿಲ್ಲಲಿ. ಮುಖ ಕಾಣೆಯಾದ ತಕ್ಷಣ ನಿಲ್ಲಿಸಿ, ಕಾರಣ ಕೇಳುವುದು ಆಮೇಲೆ. ಹಿಮ್ಮುಖವಾಗಿ ನಡೆಯುತ್ತಾ "ಬರ್ಲಿ ಬರ್ಲಿ" ಅನ್ನುವುದು ಬೇಡ, ಕಾಲಿಗೆ ಕಲ್ಲು ಸಿಕ್ಕಿ ಬಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ಮಾತು ಮೊದಲೇ ನಿಗದಿಯಾಗಲಿ: "ಬರ್ಲಿ" ಅಂದರೆ ಬನ್ನಿ, "ಹೋಲ್ಡ್" ಅಂದರೆ ಪೂರ್ತಿ ನಿಲ್ಲಿ. ಬಾಡಿಗೆ ತಟ್ಟುವುದಾದರೆ ಎರಡು ತಟ್ಟು ಬರಲಿ, ಒಂದು ತಟ್ಟು ನಿಲ್ಲಲಿ. "ಇನ್ನೂ ಜಾಗ ಇದೆ" ಅನ್ನುವುದು ಸೂಚನೆಯೇ ಅಲ್ಲ. ಎಷ್ಟು ಅಡಿ ಅಂತ ಹೇಳಬೇಕು. ದಾರಿಹೋಕರು ಉಪಕಾರಕ್ಕೆಂದು ಕೈ ಬೀಸುತ್ತಾರೆ. ಧನ್ಯವಾದ ಹೇಳಿ, ಆದರೆ ಗಾಡಿ ನಿಮ್ಮದು, ನೀವೇ ಇಳಿದು ನೋಡಿ.

ಎತ್ತರದ ವಿಷಯಕ್ಕೆ ಬಂದರೆ, ಟೇಪ್ ಹಿಡಿದು ಗಾಡಿಯ ಎತ್ತರ ಅಳೆದು ಸನ್ ವೈಸರ್ ಮೇಲೆ ಮೀಟರಿನಲ್ಲೂ ಅಡಿಯಲ್ಲೂ ಬರೆದಿಡಿ. ಖಾಲಿ ಇದ್ದಾಗ ಅಳೆಯಬೇಕು. ಭಾರಕ್ಕೆ ಸ್ಪ್ರಿಂಗು ಕುಗ್ಗಿ ಗಾಡಿ ತಗ್ಗಿರುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ತುಂಬಿಕೊಂಡು ಸಲೀಸಾಗಿ ಇಳಿದ ಗಾಡಿ, ಸರಕು ಇಳಿಸಿದ ಮೇಲೆ ಕೆಲವು ಸೆಂಟಿಮೀಟರ್ ಎದ್ದು, ಅದೇ ಬೀಮಿಗೆ ತಲೆ ಬಡಿದುಕೊಳ್ಳುತ್ತದೆ.

ಮಳೆಗಾಲದಲ್ಲಿ ಅಂಡರ್‌ಪಾಸ್. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಿನಲ್ಲಿ ಕಾರು ಸಿಕ್ಕಿ ಯುವತಿಯೊಬ್ಬರು ತೀರಿಕೊಂಡದ್ದು ಊರಿಗೆಲ್ಲ ಗೊತ್ತು. 12 ಇಂಚಿನ ರಿಮ್ಮಿನ ಗಾಡಿಯಲ್ಲಿ ಚಕ್ರದ ನಡುಬಿಂದು ನೆಲದಿಂದ ಸುಮಾರು 27 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ನೀರು ಅಷ್ಟಿದೆ ಅನಿಸಿದರೆ ಇಳಿಯಬೇಡಿ. ಎಷ್ಟಿದೆ ಅಂತಲೇ ಗೊತ್ತಾಗದಿದ್ದರೆ ಖಂಡಿತ ಬೇಡ. ನೀರಿನೊಳಗೆ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಇಂಜಿನ್ ಬಿಚ್ಚುವ ಖರ್ಚು. ಸಣ್ಣ ನೀರು ದಾಟಿ ಬಂದ ಮೇಲೆ ಬ್ರೇಕನ್ನು ಹಗುರವಾಗಿ ಮೂರು ನಾಲ್ಕು ಸಲ ಒತ್ತಿ ಒಣಗಿಸಿ. ಜೋರು ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಹೋಗುವ ಚಾಳಿ ಬೇಡ, ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಸರ್ಕಲ್‌ನಲ್ಲಿ ನೇರ ಹೋಗಲಿಕ್ಕೆ ಅದನ್ನು ಹಾಕುವುದು ಯಾರು ಕಂಡುಹಿಡಿದರೋ.

ಮೂರನೇ ವಾರ ನಿಜವಾದ ಸ್ಟಾಪುಗಳು. ದಿನಕ್ಕೆ 40 ಸಲ ಇಳಿದು ಹತ್ತುವ ಕೆಲಸದಲ್ಲಿ ಇಳಿಯುವುದನ್ನೂ ಕಲಿಯಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್, ಗೇರು, ಇಂಜಿನ್ ಆಫ್, ಬೀಗದ ಕೈ ಜೇಬಿಗೆ, ಇದೇ ಕ್ರಮ. ಇಳಿಜಾರಾದರೆ ಮುಂಚಕ್ರವನ್ನು ಫುಟ್‌ಪಾತ್ ಕಡೆ ತಿರುಗಿಸಿಡಿ. "ಒಂದೇ ನಿಮಿಷ" ಅಂತ ಇಂಜಿನ್ ಓಡಿಸಿಟ್ಟು ಹೋದ ಗಾಡಿ ತಾನೇ ಜಾರುವುದೂ ಉಂಟು, ಇನ್ನೊಬ್ಬರು ಓಡಿಸಿಕೊಂಡು ಹೋಗುವುದೂ ಉಂಟು. ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಎಡಗೈ ಬಲಬಾಗಿಲಿಗೆ ಹೋದರೆ ಮೈ ತಾನಾಗಿ ತಿರುಗಿ ಕಣ್ಣು ಹಿಂದಿನ ರಸ್ತೆ ನೋಡುತ್ತದೆ, ಬರುತ್ತಿರುವ ಸ್ಕೂಟರ್ ಕಾಣುತ್ತದೆ. ಮೂಟೆಯನ್ನು ಡೆಕ್ಕಿನ ಅಂಚಿಗೆ ಎಳೆದುಕೊಂಡು, ಎದೆಗೆ ಒತ್ತಿ, ಮೊಣಕಾಲು ಬಗ್ಗಿಸಿ ಎತ್ತಿ. ಸೊಂಟ ತಿರುಚಬೇಡಿ, ಪಾದವನ್ನೇ ತಿರುಗಿಸಿ. 25 ಕೆಜಿ ಮೀರಿದರೆ ಇಬ್ಬರು. ಡೆಕ್ಕಿನಿಂದ ಹಾರಿ ಇಳಿಯುವುದು ಇಪ್ಪತ್ತರ ವಯಸ್ಸಿಗೆ ಸುಲಭ, ಅದರ ಬಿಲ್ಲು ನಲವತ್ತಕ್ಕೆ ಮೊಣಕಾಲಿಗೆ ಬರುತ್ತದೆ.

ಫೋನು ಸ್ಟ್ಯಾಂಡಿನಲ್ಲಿ ಇರಲಿ, ದಾರಿ ಕಿವಿಗೆ ಕೇಳಲಿ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ತಿದ್ದುಪಡಿ ಫೋನನ್ನು ದಾರಿ ನೋಡಲು ಮಾತ್ರ, ಗಮನ ಕೆಡದ ಹಾಗೆ ಬಳಸಲು ಬಿಟ್ಟಿದೆ. ಗ್ರಾಹಕರಿಗೆ ಕರೆ ಮಾಡುವುದು ನಿಲ್ಲಿಸಿದ ಮೇಲೆ. "5ನೇ ಮೇನ್, 12ನೇ ಕ್ರಾಸ್" ಅಂತ ಬರೆದಿದ್ದರೆ ಯಾವ ಸ್ಟೇಜ್, ಯಾವ ಬ್ಲಾಕ್ ಅಂತ ಗೋಡೌನಿನಲ್ಲೇ ಕೇಳಿ ಬರೆದುಕೊಳ್ಳಿ. ಒಂದೇ ನಂಬರಿನ ಕ್ರಾಸು ಪ್ರತಿ ಬಡಾವಣೆಗೂ ಒಂದೊಂದು ಇದೆ.

ಕಾಗದಪತ್ರಕ್ಕೆ ಹೆಚ್ಚು ಹೊತ್ತು ಬೇಡ. ಒಟ್ಟು ತೂಕ 3,000 ಕೆಜಿ ಒಳಗಿನ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಆದರೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಬೇಕು. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಜಿಎಸ್‌ಟಿ ದಾಖಲೆ) ಕೇಳಿ ಪಡೆಯಿರಿ, ಅದರಲ್ಲಿ ನಿಮ್ಮ ಗಾಡಿಯ ನಂಬರೇ ಇದೆಯಾ ನೋಡಿ. ದಾರಿಯಲ್ಲಿ ಗಾಡಿ ಬದಲಾದರೆ ನಂಬರೂ ಬದಲಾಗಬೇಕು. ಹಿಂದೆ ಸರಕಿನ ಮೇಲೆ ಜನ ಕೂರಿಸಬೇಡಿ, ಹಮಾಲಿಯವರನ್ನೂ ಸಹ.

ಬೆಳಗಿನ ತಪಾಸಣೆ ಎಲ್ಲರಿಗೂ ಗೊತ್ತಿರುವುದೇ: ಇಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಲೈಟು, ವೈಪರ್. ಟೈರಿನ ಗಾಳಿ ಮಾತ್ರ ಕಾಲಲ್ಲಿ ಒದ್ದು ನೋಡುವುದಲ್ಲ. ಮುಂದಿನದ್ದು ಹಿಂದಿನದ್ದು ಬೇರೆ ಬೇರೆ, ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ, ಟೈರ್ ತಣ್ಣಗಿದ್ದಾಗ ಗೇಜ್ ಹಿಡಿಯಿರಿ. ಟೈರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಬಂದರೆ ಟೈರ್ ಮುಗಿಯಿತು. ಸ್ಟೆಪ್ನಿ ಹಾಕಿದ ದಿನ 50 ಕಿಲೋಮೀಟರ್ ಓಡಿಸಿ ನಟ್ಟು ಮತ್ತೆ ಬಿಗಿ ಮಾಡಿ.

ಸಂಜೆಯ ತಪಾಸಣೆಯನ್ನು ಮಾಡುವವರು ಕಡಿಮೆ, ಅದೇ ಹೆಚ್ಚು ಹೇಳುತ್ತದೆ. ಕೊನೆಯ ಟ್ರಿಪ್ ಮುಗಿಸಿ ನಿಲ್ಲಿಸಿದ ತಕ್ಷಣ ನಾಲ್ಕೂ ಚಕ್ರದ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಮುಂದಿನ ಎರಡೂ ಒಂದೇ ಬಿಸಿ, ಹಿಂದಿನ ಎರಡೂ ಒಂದೇ ಬಿಸಿ ಇರಬೇಕು. ಒಂದು ಚಕ್ರ ಮಾತ್ರ ಜೊತೆಯದಕ್ಕಿಂತ ಸುಡುತ್ತಿದ್ದರೆ ಬ್ರೇಕ್ ಬಿಡದೆ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಯಾವ ಚಕ್ರ ಅಂತ ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಸಿಕ್ಕಿಸಿಡಿ. ಬೆಳಿಗ್ಗೆ ಗಾಡಿ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಲಿ, ಆಮೇಲೆ ಗೋಡೌನಿಗೆ.